ಮಕ್ಕಳ ಜೊತೆ ಚರ್ಚು ನೋಡೋಣ
(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)





ಬರುವ ಶನಿವಾರ ನಾವೆಲ್ಲ ಮೈಸೂರಿಗೆ ಹೋಗೋಣ ಅಂತ ಮಾತಾಡಿದ್ದೇವೆ. ಸಂತ ಫಿಲೋಮಿನಾ ಚರ್ಚು ನೋಡಲಿಕ್ಕೆ. ಮನೆ ಮಕ್ಕಳನ್ನೂ ಕರೆದುಕೊಂಡು ಹೋಗೋಣ ಅಂದೆವು. ಆಗ ನಿಮ್ಮಲ್ಲಿ ಕೆಲವರು ಎರಡು ಮಾತು ಕೇಳಿದಿರಿ.

ಒಂದು ಮಾತು: "ಅದು ಅವರ ಗುಡಿ. ನಮ್ಮನ್ನ ಒಳಗೆ ಬಿಡ್ತಾರಾ?"

ಇನ್ನೊಂದು ಮಾತು: "ಮಕ್ಕಳು ಹೋಗಲಿ ಬಿಡಿ. ಅವರು ಸ್ಕೂಲಿಗೆ ಹೋಗೋರು. ನಮಗೇನು ತಿಳಿಯುತ್ತೆ?"

ಈ ಎರಡಕ್ಕೂ ಇವತ್ತು ಉತ್ತರ ಹೇಳುತ್ತೇವೆ. ಕೇಳಿ.

ಯಾರ ಗುಡಿ?

ಈ ಚರ್ಚು ಮೈಸೂರಿನ ಅಶೋಕ ರಸ್ತೆಯಲ್ಲಿದೆ. ಇದು ಕೆಥೆಡ್ರಲ್. ಅಂದರೆ ಧರ್ಮಾಧ್ಯಕ್ಷರ ಪೀಠ ಇರುವ ದೊಡ್ಡ ಚರ್ಚು. ಕನ್ನಡದಲ್ಲಿ ಪ್ರಧಾನಾಲಯ ಅಂತಾರೆ.

ಇದೇ ಜಾಗದಲ್ಲಿ ಮೊದಲು ಒಂದು ಚಿಕ್ಕ ಚರ್ಚು ಇತ್ತು. ಅದನ್ನು ಕಟ್ಟಿದ್ದು 1843ರಲ್ಲಿ. ಆಗ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಆಮೇಲೆ ಜನ ಹೆಚ್ಚಾದರು. ಜಾಗ ಸಾಲದಾಯಿತು. ಹೊಸ ಚರ್ಚಿಗೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದರು. ಹಾಕಿದವರು ಯಾರು ಗೊತ್ತೇ? ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮುಂಡಿ ತಾಯಿಯ ಭಕ್ತರಾದ ಮಹಾರಾಜರೇ ಚರ್ಚಿಗೆ ಅಡಿಗಲ್ಲು ಹಾಕಿದರು.

ಅದು ಕ್ರೈಸ್ತ ಬಂಧುಗಳು ಪೂಜೆ ಮಾಡುವ ಜಾಗ. ಅದಕ್ಕೆ ಗೌರವ ಕೊಡೋಣ. ಆದರೆ ಅದು ನಮ್ಮ ಊರಿನ, ನಮ್ಮ ನಾಡಿನ ಕಟ್ಟಡವೂ ಹೌದು. ದಿನವೂ ಬೇರೆ ಬೇರೆ ಧರ್ಮದ ಜನ ಬಂದು ನೋಡುತ್ತಾರೆ. ನಾವೂ ನೋಡಬಹುದು.

ನಮಗೇನು ತಿಳಿಯುತ್ತೆ?

ಈಗ ಎರಡನೇ ಮಾತಿಗೆ ಬರೋಣ. ಇದೇ ದೊಡ್ಡ ಮಾತು.

ಮನೆಗೆ ಒಂದು ಕಾಗದ ಬಂದರೆ ಏನು ಮಾಡುತ್ತೇವೆ? ಮಗುವಿನ ಕೈಗೆ ಕೊಡುತ್ತೇವೆ. ಬಸ್ಸಿನ ಬೋರ್ಡು ಓದಲು ಮಗುವನ್ನು ಕೇಳುತ್ತೇವೆ. ಮಗು ಓದುತ್ತದೆ, ಅಪ್ಪ ಅಮ್ಮ ಸುಮ್ಮನೆ ನಿಲ್ಲುತ್ತಾರೆ. ಹೀಗೇ ವರ್ಷ ಕಳೆದರೆ ಮಗುವಿಗೆ ಏನನಿಸುತ್ತೆ? "ಅಮ್ಮನಿಗೆ ಏನೂ ಗೊತ್ತಿಲ್ಲ" ಅನಿಸುತ್ತೆ. ಅಮ್ಮನಿಗೂ ಹಾಗೇ ಅನಿಸುತ್ತೆ. ಇದು ಸುಳ್ಳು. ಈ ಸುಳ್ಳನ್ನು ಓಡಿಸಬೇಕು.

ಚರ್ಚಿನ ಕಿಟಕಿಗಳನ್ನೇ ತೆಗೆದುಕೊಳ್ಳಿ. ಅಲ್ಲಿ ಬಣ್ಣದ ಗಾಜುಗಳಿವೆ. ಗಾಜಿನಲ್ಲಿ ಯೇಸುವಿನ ಹುಟ್ಟು, ಕೊನೆಯ ಭೋಜನ, ಶಿಲುಬೆಗೆ ಏರಿಸಿದ್ದು, ಇಂಥ ಚಿತ್ರಗಳಿವೆ. ಬಿಸಿಲು ಬಿದ್ದಾಗ ಬಣ್ಣ ಹೊಳೆಯುತ್ತದೆ. ಯೂರೋಪಿನ ಹಳೆಯ ಚರ್ಚುಗಳಲ್ಲಿ ನೂರಾರು ವರ್ಷಗಳ ಹಿಂದೆಯೇ ಇಂಥ ಕಿಟಕಿ ಮಾಡುತ್ತಿದ್ದರು. ಆಗ ಬಹಳ ಜನರಿಗೆ ಓದು ಬರುತ್ತಿರಲಿಲ್ಲ. ಚಿತ್ರ ನೋಡಿ ಕಥೆ ತಿಳಿಯುತ್ತಿದ್ದರು. ಆದರೆ ಆ ಚಿತ್ರದ ಅರ್ಥವನ್ನು ಇನ್ನೊಬ್ಬರು ಹೇಳಬೇಕಿತ್ತು. ಹೇಳಿದ್ದನ್ನು ನಂಬಬೇಕಿತ್ತು. ಓದು ಬಂದವರು ತಾವೇ ನೋಡಿ, ತಾವೇ ಓದಿ ತಿಳಿಯಬಹುದು.

ಯೇಸು ಹುಟ್ಟಿದಾಗ ತಾಯಿ ಮಗುವನ್ನು ಗೋದಲಿಯಲ್ಲಿ ಮಲಗಿಸಿದಳು ಅಂತ ಬೈಬಲ್ ಹೇಳುತ್ತದೆ. "ಗೋದಲಿ" ಅನ್ನೋ ಮಾತನ್ನು ನಿಮ್ಮ ಮಗು ಓದೀತು. ಗೋದಲಿ ಅಂದರೆ ಏನು? ದನಕ್ಕೆ ಹುಲ್ಲು ಹಾಕುವ ಜಾಗ. ಕೊಟ್ಟಿಗೆ ಗುಡಿಸಿದವರಿಗೆ ಅದು ಗೊತ್ತು. ಮಗುವಿಗೆ ಹೇಳುವವರು ನೀವೇ. ಗಾರೆ ಕೆಲಸ ಮಾಡುವ ಅಣ್ಣಂದಿರು ಇಲ್ಲಿದ್ದೀರಿ. ಕಮಾನು ಹೇಗೆ ನಿಂತಿದೆ ಅಂತ ನಿಮ್ಮಷ್ಟು ಚೆನ್ನಾಗಿ ಯಾರು ಹೇಳಬಲ್ಲರು? ಮಗು ಅಕ್ಷರ ತರಲಿ. ನೀವು ಅನುಭವ ತನ್ನಿ. ಎರಡೂ ಸೇರಿದರೆ ಕಲಿಕೆ.

ಹಳೆಯ ಒಂದು ಕಥೆ

ಹೀಗೆ ಕೂಡಿ ಕಲಿಯುವುದು ಹೊಸದಲ್ಲ. ಇಂಗ್ಲೆಂಡಿನಲ್ಲಿ ಗ್ಲಾಸ್ಟರ್ ಅಂತ ಒಂದು ಊರು. ಅಲ್ಲೂ ದೊಡ್ಡ ಕೆಥೆಡ್ರಲ್ ಇದೆ. ಆ ಊರಿನ ಬಡ ಮಕ್ಕಳು ಗುಂಡುಸೂಜಿ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು. ವಾರದಲ್ಲಿ ಆರು ದಿನ ಕೆಲಸ, ಭಾನುವಾರ ಮಾತ್ರ ಬಿಡುವು. 1780ರಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯವರು ಈ ಮಕ್ಕಳಿಗಾಗಿ ಭಾನುವಾರದ ಶಾಲೆ ತೆರೆದರು. ಕೆಥೆಡ್ರಲ್ ಶಾಲೆಯ ಹೆಡ್‌ಮಾಸ್ತರರಾದ ಥಾಮಸ್ ಸ್ಟಾಕ್ ಕೈಜೋಡಿಸಿದರು. ಅಲ್ಲಿ ಮಕ್ಕಳು ಓದು ಕಲಿತರು.

ಇಂಥ ಶಾಲೆಗಳು ಬೇರೆ ಕಡೆಗೂ ಹಬ್ಬಿದವು. ಪಕ್ಕದ ವೇಲ್ಸ್ ನಾಡಿನಲ್ಲಿ ದೊಡ್ಡವರೂ ಈ ಶಾಲೆಗೆ ಬಂದರು. ಮಕ್ಕಳ ಹಾಗೇ ಅಕ್ಷರ ಕಲಿತರು. ಈಗಲೂ ಇಂಗ್ಲೆಂಡಿನ ಹಲವು ಕೆಥೆಡ್ರಲ್‌ಗಳಲ್ಲಿ ಶಾಲೆಗೆ ರಜೆ ಇದ್ದಾಗ ಮನೆಮಂದಿಗೆಲ್ಲ ಕಲಿಕೆಯ ದಿನ ನಡೆಸುತ್ತಾರೆ. ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಕಟ್ಟಡ ಸುತ್ತುತ್ತಾರೆ, ಚಿತ್ರ ಹುಡುಕುತ್ತಾರೆ, ಬಣ್ಣದ ಕಾಗದದಲ್ಲಿ ಕಿಟಕಿ ಮಾಡುತ್ತಾರೆ.

ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಬಸ್ಸು ಹತ್ತಿದರೆ ಮೈಸೂರು.

ಶನಿವಾರ ಏನು ಮಾಡೋಣ?

1. ಬಸ್ಸಿನ ಬೋರ್ಡನ್ನು ದೊಡ್ಡವರೇ ಓದಬೇಕು. ತಡವಾದರೂ ಪರವಾಗಿಲ್ಲ. ಮಕ್ಕಳೇ, ನೀವು ಮುಂಚೆ ಹೇಳಿಬಿಡಬೇಡಿ!

2. ಚರ್ಚಿನ ಬಾಗಿಲ ಬಳಿ ಏನು ಬರೆದಿದೆಯೋ ಓದೋಣ. ಅದರಂತೆ ನಡೆಯೋಣ. ಒಳಗೆ ಪ್ರಾರ್ಥನೆ ಮಾಡುವವರು ಇರುತ್ತಾರೆ. ಮಾತು ಮೆಲ್ಲಗೆ ಇರಲಿ.

3. ಎರಡು ಗೋಪುರಗಳನ್ನು ಕತ್ತೆತ್ತಿ ನೋಡಿ. ಎತ್ತರ 175 ಅಡಿ. ನಮ್ಮೂರ ತೆಂಗಿನ ಮರ ಎಷ್ಟು ಅಡಿ? ಮಗುವಿನ ಜೊತೆ ಅಂದಾಜು ಮಾಡಿ.

4. ಹಳೆ ಚರ್ಚು 1843. ಹೊಸದರ ಅಡಿಗಲ್ಲು 1933. ನಡುವೆ ಎಷ್ಟು ವರ್ಷ? ಕಳೆದು ನೋಡಿ.

5. ಒಂದು ಕಿಟಕಿ ಆರಿಸಿಕೊಳ್ಳಿ. ಕಂಡದ್ದನ್ನು ಮಗುವಿಗೆ ಹೇಳಿ. ಮಗು ಹೇಳಿದ್ದನ್ನೂ ಕೇಳಿ.

ಓದುವಾಗ ತಪ್ಪಿದರೆ ಮಗು ತಿದ್ದುತ್ತೆ. ಬೇಸರ ಬೇಡ, ಮಗುವನ್ನು ಗದರಲೂ ಬೇಡಿ. "ಇನ್ನೊಂದು ಸಲ ಹೇಳು ಕಂದಾ" ಅನ್ನಿ. ಹಾಗೆ ಕೇಳಿದ ತಾಯಿಯ ಮೇಲೆ ಮಗುವಿಗೆ ಗೌರವ ಕಡಿಮೆಯಾಗೋದಿಲ್ಲ. ಕಲಿಯೋಕೆ ವಯಸ್ಸಿಲ್ಲ ಅಂತ ಅದಕ್ಕೂ ತಿಳಿಯುತ್ತೆ.

ಮನೆಗೆ ಬಂದ ಮೇಲೆ ರಾತ್ರಿ ಇಬ್ಬರೂ ಕೂತು ಐದು ಸಾಲು ಬರೆಯಿರಿ. ಒಂದು ಸಾಲು ನಿಮ್ಮದು, ಒಂದು ಸಾಲು ಮಗುವಿನದು. ಸೋಮವಾರ ಕೇಂದ್ರಕ್ಕೆ ತನ್ನಿ. ಎಲ್ಲರ ಮುಂದೆ ಓದೋಣ.

ಬುತ್ತಿ ಕಟ್ಟಿಕೊಳ್ಳಿ. ಪುಸ್ತಕ, ಪೆನ್ಸಿಲ್ ಮರೆಯಬೇಡಿ. ಬೆಳಿಗ್ಗೆ ಏಳಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಸೇರೋಣ.