ಗುರುವಿನ ಮನೆಯಿರುವ ಊರು



ಈ ಸಂಗೀತೋತ್ಸವವನ್ನು ಉದ್ಘಾಟಿಸುವ ಗೌರವವನ್ನು ನನಗಿತ್ತುದಕ್ಕಾಗಿ ಕೃತಜ್ಞನಾಗಿದ್ದೇನೆ. ಯಾರು ಯಾವ ಹೊತ್ತಿಗೆ ಹಾಡುವರೆಂಬುದು ತಮ್ಮ ಕೈಯಲ್ಲಿರುವ ಕರಪತ್ರದಲ್ಲಿಯೇ ಇರುವುದರಿಂದ ಅದನ್ನು ಮತ್ತೆ ಓದಿ ಹೇಳುವುದಿಲ್ಲ. ಮುಂಬಯಿಯ ಸಭೆಗಳನ್ನು ಬಿಟ್ಟುಬಂದು ಈ ಊರಿನಲ್ಲಿ ನೆಲೆಸಿರುವ ಒಬ್ಬ ಗಾಯಕನಾಗಿ, ನನಗೆ ಅನುಭವದಿಂದ ತಿಳಿದ ಒಂದು ವಿಷಯವನ್ನು ಮಾತ್ರ ಹೇಳಬಯಸುತ್ತೇನೆ.

ಅದಕ್ಕೆ ಮೊದಲು ಒಂದು ಹಳೆಯ ನಿದರ್ಶನ. ಕುಂದಗೋಳದಲ್ಲಿ 1886ರಲ್ಲಿ ಜನಿಸಿದ ರಾಮಚಂದ್ರ ಗಣೇಶ ಕುಂದಗೋಳಕರರು, ಉಸ್ತಾದ್ ಅಬ್ದುಲ್ ಕರೀಂ ಖಾನರಲ್ಲಿ ಕಿರಾಣಾ ಪರಂಪರೆಯ ಗಾಯನವನ್ನು ಅಭ್ಯಸಿಸಿ, ಗುರುಗಳಿಗೆ ಸಮ್ಮತವಿಲ್ಲದಿದ್ದರೂ ಮರಾಠಿ ನಾಟಕ ಮಂಡಳಿಯನ್ನು ಸೇರಿ, ಸ್ತ್ರೀಪಾತ್ರಗಳಲ್ಲಿ ಹಾಡಿ, ಸವಾಯಿ ಗಂಧರ್ವರೆಂದು ಪ್ರಖ್ಯಾತರಾಗಿ, ನಗರ ನಗರಗಳ ಕರತಾಡನವನ್ನು ಕೇಳಿದ ಬಳಿಕ, ರಂಗಭೂಮಿಯನ್ನು ತೊರೆದು ತಮ್ಮ ಹುಟ್ಟೂರಿನಲ್ಲಿಯೇ ಪಾಠ ಹೇಳುತ್ತ ಕುಳಿತರು. ಅಸ್ತಮಾನಕ್ಕೆ ಹೊರಟ ಕಲಾವಿದನ ವಿಶ್ರಾಂತಿಯಲ್ಲ ಅದು. ಅವರ ಜೀವಿತದ ಮಹತ್ಕಾರ್ಯ ಅಲ್ಲಿಯೇ ಆರಂಭವಾಯಿತೆಂದು ನಾನು ನಂಬಿದ್ದೇನೆ. 1936ರಲ್ಲಿ ಬಂದು ಸೇರಿದ ಬಾಲಕ ಭೀಮಸೇನ ಜೋಶಿಯವರು ಗುರುಗೃಹದಲ್ಲಿದ್ದು, ನೀರು ಹೊತ್ತು, ಮನೆಗೆಲಸ ಮಾಡಿ ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು, ಪಾಠ ಮುಗಿಸಿ, ರೈಲಿನಲ್ಲಿಯೇ ಮರಳುತ್ತಿದ್ದರು. ಸ್ಟೇಶನ್ನಿನವರೆಗೆ ಅವರ ಜೊತೆಗೆ ನಡೆದು ಹೋಗುತ್ತಿದ್ದವರು ಇದೇ ಭೀಮಸೇನರು. ಜನರು ಇದನ್ನು ಗುರುಭಕ್ತಿಯ ಕಥೆಯೆಂದು ಹೇಳುತ್ತಾರೆ, ಅದು ನಿಜ. ನನಗಾದರೋ ಆ ಗಾಡಿಯದೇ ಯೋಚನೆ. ರಾತ್ರಿ ಮನೆ ಮುಟ್ಟಿಸುವ ಗಾಡಿಯೊಂದು ಇರದೆ ಹೋಗಿದ್ದರೆ ಆ ಮಹಾಕಂಠಕ್ಕೆ ಆ ಶಿಕ್ಷಣ ಲಭಿಸುತ್ತಿತ್ತೆ?

ಇನ್ನು ನನ್ನ ಅನುಭವ. ನಾನು ಈ ಊರಿಗೆ ಬಂದ ಹೊಸತರಲ್ಲಿ, ಜಾತ್ರೆಯ ರಾತ್ರಿ ಗುಡಿಯ ಮುಂದೆ ಹಾಡಲು ಕುಳಿತೆ. ಹಾಡು ತಾಳದ ಸಮ್ಮಿಗೆ ಬಂದೊಡನೆ ಮುಂಬಯಿಯ ರಸಿಕರು ತಲೆದೂಗುವರು. ಇಲ್ಲಿ ಒಬ್ಬರೂ ಮಿಸುಕಲಿಲ್ಲ. ಹಾಡು ಮುಗಿದ ಮೇಲೆ ಭಜನೆಯ ಮೇಳದ ಹಿರಿಯರೊಬ್ಬರು ಹತ್ತಿರ ಬಂದು, "ದನಿ ಭಾಳ ಚಲೋ ಐತ್ರಿ, ಆದರ ಮಾತು ಯಾಕ ಮುರೀತೀರಿ?" ಎಂದು ಕೇಳಿದರು. ರಾತ್ರಿಯಿಡೀ ವಚನಗಳನ್ನೂ ತತ್ತ್ವಪದಗಳನ್ನೂ ಹಾಡಿ ಬೆಳೆದ ಆ ಕಿವಿಗೆ, ತಾನಿನ ಭರದಲ್ಲಿ ಸಾಹಿತ್ಯವು ತುಂಡಾಗುವುದು ಸಹ್ಯವಾಗಿರಲಿಲ್ಲ. ಯಾವ ಪತ್ರಿಕೆಯ ವಿಮರ್ಶಕನೂ ನನಗೆ ಹೇಳದಿದ್ದ ಮಾತದು. ಅಂದಿನಿಂದ ಪದದ ಅರ್ಥ ಎಲ್ಲಿ ಮುಗಿಯುವುದೋ ಅಲ್ಲಿಯೇ ಉಸಿರು ತೆಗೆದುಕೊಳ್ಳುವುದನ್ನು, ವಯಸ್ಸು ಮೀರಿದ ಮೇಲೆ, ಮೊದಲ ಪಾಠದ ಹುಡುಗನಂತೆ ಅಭ್ಯಾಸ ಮಾಡಿದೆನು.

ಅನಂತರ ಮಕ್ಕಳು ಬರತೊಡಗಿದರು. ಪಕ್ಕದ ಹಳ್ಳಿಯ ಹುಡುಗಿಯೊಬ್ಬಳು, ಮೀರಜದಿಂದ ತರಿಸಿದ ನನ್ನ ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗಿನ ದಾರದ ಎಳೆಯನ್ನು ಬೆರಳ ತುದಿಯಿಂದ ತುಸು ತುಸುವೇ ಸರಿಸುತ್ತ ಬಹಳ ಹೊತ್ತು ಕುಳಿತಿರುತ್ತಾಳೆ. ಎಳೆ ತನ್ನ ಸ್ಥಾನವನ್ನು ಮುಟ್ಟಿದೊಡನೆ ಖರ್ಜದ ತಂತಿಯೊಳಗಿನಿಂದ, ಯಾರೂ ಮೀಟದ ಗಾಂಧಾರವು ಸ್ವಯಂಭುವಾಗಿ ಕೇಳತೊಡಗುತ್ತದೆ. ಅವಳು ಕಣ್ಣೆತ್ತಿ ನನ್ನನ್ನು ನೋಡುತ್ತಾಳೆ. ಅಷ್ಟರಲ್ಲಿ ಕಡೆಯ ಬಸ್ಸಿನ ಹೊತ್ತಾಗುತ್ತದೆ. ಯಮನ್ ರಾಗದ ಆಲಾಪವು ಇನ್ನೂ ಪಂಚಮವನ್ನು ಮುಟ್ಟಿರುವುದಿಲ್ಲ. ಹುಡುಗಿ ಚೀಲವನ್ನು ಹೆಗಲಿಗೇರಿಸಿ ಓಡುತ್ತಾಳೆ. ಗಂಡುಮಕ್ಕಳು ಸೈಕಲ್ಲಿನಲ್ಲಾದರೂ ಹೋದಾರು. ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಈ ಕಾರಣಕ್ಕಾಗಿಯೇ ಪಾಠ ಬಿಟ್ಟರು. ಅವರಿಗೆ ಕಂಠವಿರಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಆದಕಾರಣ ಸಮಿತಿಯವರಲ್ಲಿ ನನ್ನ ವಿಜ್ಞಾಪನೆಯಿದು: ಉತ್ಸವಕ್ಕೆ ಬರುವ ವಿದ್ವಾಂಸರು ಹಾಡಿ, ಶಾಲು ಸ್ವೀಕರಿಸಿ, ಬೆಳಗಿನ ಗಾಡಿಗೆ ಹೊರಟುಹೋಗುವರು. ಅದು ಆನಂದವೇ ಸರಿ. ಆದರೆ ನಗರದಲ್ಲಿ ಪಳಗಿದ ಕಲಾವಿದನೊಬ್ಬನು ನಮ್ಮಂಥ ಊರಿನಲ್ಲಿ ಹೊಸದಾಗಿ ಬಾಳನ್ನು ಕಟ್ಟಬೇಕಾದರೆ ಅವನಿಗೆ ಬೇಕಾದುದು ಸನ್ಮಾನವಲ್ಲ, ದಿನದಿನವೂ ತಪ್ಪದೆ ಬರುವ ಶಿಷ್ಯರು. ಈ ಭವನದ ಪಕ್ಕದ ಕೋಣೆಯನ್ನು ವರ್ಷಪೂರ್ತಿ ಸಂಜೆಯ ಪಾಠಕ್ಕೆ ಬಿಟ್ಟುಕೊಡಿರಿ. ಚಪ್ಪರದ ವೆಚ್ಚದಲ್ಲಿ ಒಂದು ಪಾಲನ್ನು ಉಳಿಸಿ ಎರಡು ತಂಬೂರಿಗಳನ್ನು ಕೊಂಡಿಡಿರಿ. ಕಡೆಯ ಬಸ್ಸನ್ನು ಒಂದು ತಾಸು ತಡವಾಗಿ ಬಿಡಬೇಕೆಂದು ಊರವರೆಲ್ಲರೂ ಕೂಡಿ ಅಧಿಕಾರಿಗಳನ್ನು ಕೇಳಿರಿ. ಮನವಿಯನ್ನು ನಾನೇ ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಇಡಿಸುತ್ತೇನೆ. ತಾಯಂದಿರು ಮೊದಲು ರುಜು ಹಾಕಬೇಕೆಂದು ಕೋರುತ್ತೇನೆ. ಉತ್ಸವವು ಉದ್ಘಾಟಿತವಾಯಿತೆಂದು ಸಂತೋಷದಿಂದ ಸಾರಿ, ಮೊದಲ ಗಾಯಕರಿಗೆ ವೇದಿಕೆಯನ್ನು ಬಿಟ್ಟುಕೊಡುತ್ತೇನೆ.