ಹಲಗೆ, ಇಟ್ಟಿಗೆ, ಸೈಕಲ್ಲು

ಎರಡು ಇಟ್ಟಿಗೆ ಪೇರಿಸಿ, ಹಲಗೆಯ ಒಂದು ತುದಿಯನ್ನು ಅದರ ಮೇಲಿಟ್ಟು, ದೂರದಿಂದ ಸೈಕಲ್ ತುಳಿದು ಬಂದು ಹಾರುವ ಆಟವನ್ನು ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಬೈದು ಹಲಗೆ ಎತ್ತಿಟ್ಟರೆ, ಪಕ್ಕದ ಬೀದಿಯಲ್ಲಿ ಇನ್ನೊಂದು ಹಲಗೆ ಸಿಕ್ಕೇ ಸಿಗುತ್ತದೆ. ಅದರ ಬದಲು ದೊಡ್ಡವರೇ ಜೊತೆಗೆ ಕೂತು ಗಟ್ಟಿಯಾದ ರ‍್ಯಾಂಪ್ ಒಂದನ್ನು ಮಾಡಿಕೊಡುವುದು ಎಷ್ಟೋ ಮೇಲು.

ಈ ಆಟ ಬೆಳೆದು ಬಂದದ್ದೇ ಮಕ್ಕಳ ಕೈಯಲ್ಲಿ. 1963ರಲ್ಲಿ ಅಮೆರಿಕದ ಶ್ವಿನ್ ಕಂಪನಿ 20 ಇಂಚಿನ ಪುಟ್ಟ ಚಕ್ರ, ಎತ್ತರದ ಹ್ಯಾಂಡಲ್ಲಿನ ‘ಸ್ಟಿಂಗ್-ರೇ’ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಆ ದಶಕ ಮುಗಿಯುವ ಹೊತ್ತಿಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅದನ್ನೇರಿ, ಮೋಟೊಕ್ರಾಸ್ ಸವಾರರಂತೆ ಮಣ್ಣುದಿಬ್ಬಗಳ ಮೇಲಿಂದ ಹಾರುತ್ತಿದ್ದರು. 1971ರ ‘ಆನ್ ಎನಿ ಸಂಡೆ’ ಸಾಕ್ಷ್ಯಚಿತ್ರ ಶುರುವಾಗುವುದೇ ಇಂಥ ಹುಡುಗರಿಂದ. ಬಿಎಂಎಕ್ಸ್ ಎಂಬ ಹೆಸರು ಪಡೆದ ಆ ಆಟ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ತಲುಪಿತು. ಕೋವಿಡ್ ಕಾಲದಲ್ಲಿ ಆಸ್ಟ್ರೇಲಿಯಾದ ಲೋಗನ್ ಮಾರ್ಟಿನ್ ತನ್ನ ಮನೆಯ ಹಿತ್ತಲಲ್ಲೇ ರ‍್ಯಾಂಪುಗಳನ್ನು ಕಟ್ಟಿಸಿಕೊಂಡು ಅಭ್ಯಾಸ ಮಾಡಿದ. 2021ರಲ್ಲಿ ಟೋಕಿಯೋದಲ್ಲಿ ಫ್ರೀಸ್ಟೈಲ್ ಚಿನ್ನ ಗೆದ್ದ.

ಮಗುವಿನ ರ‍್ಯಾಂಪಿಗೆ ಅಷ್ಟೆಲ್ಲ ಬೇಡ. ಆದರೆ ಹಲಗೆ ಇಟ್ಟಿಗೆಯ ಅಪಾಯ ಎಲ್ಲಿದೆ ಎಂಬುದು ತಿಳಿದಿರಬೇಕು. ಚಕ್ರ ಏರಿದ ಕೂಡಲೇ ಇಟ್ಟಿಗೆ ಜಾರುತ್ತದೆ, ಹಲಗೆ ನಡುವೆ ಬಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಬಹಳ ಜನ ವೇಗಕ್ಕೆ ಮಾತ್ರ ಹೆದರುತ್ತಾರೆ. ಆದರೆ ಮಗು ಕೊನೇ ಗಳಿಗೆಯಲ್ಲಿ ಅಳುಕಿ ಬ್ರೇಕ್ ಹಿಡಿದರೆ, ಹಿಂದಿನ ಚಕ್ರ ಇನ್ನೂ ಹಲಗೆಯ ಮೇಲಿರುವಾಗಲೇ ಮುಂದಿನ ಚಕ್ರ ತುದಿಯಿಂದ ಕುಸಿಯುತ್ತದೆ. ಮಗು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತದೆ.

ಆದ್ದರಿಂದ ಎತ್ತರ ಕಡಿಮೆಯಿರಲಿ. ಮೂರಡಿ ಉದ್ದದ ಹಲಗೆಗೆ ಅರ್ಧ ಅಡಿ ಎತ್ತರ ಕೊಟ್ಟರೆ ಇಳಿಜಾರು ಸುಮಾರು 10 ಡಿಗ್ರಿ. ಅದೇ ಹಲಗೆಯನ್ನು ಒಂದಡಿಗೆ ಏರಿಸಿದರೆ 20 ಡಿಗ್ರಿಯ ಹತ್ತಿರ ಹೋಗುತ್ತದೆ, ಹೊಸಬರಿಗೆ ಅದು ಕಡಿದು.

ಮೇಲ್ಭಾಗಕ್ಕೆ 18 ಮಿಲಿಮೀಟರ್ ಪ್ಲೈವುಡ್ ಸಾಕು. ಅಡಿಯಲ್ಲಿ ಅಡಿಗೊಂದರಂತೆ ಅಡ್ಡಪಟ್ಟಿ ಬೇಕು, ಎರಡೂ ಪಕ್ಕಕ್ಕೆ ತ್ರಿಕೋನದ ಹಲಗೆ. ಮೊಳೆ ಬೇಡ, ಸ್ಕ್ರೂ ಹಾಕಿ. ಸೈಕಲ್ ಏರಿಳಿದು ಅದುರಿದಂತೆಲ್ಲ ಮೊಳೆ ಮೇಲೇಳುತ್ತದೆ, ಟೈರನ್ನೂ ಮೊಣಕಾಲನ್ನೂ ಸೀಳುತ್ತದೆ. ಪ್ಲೈವುಡ್ ನೆಲಕ್ಕೆ ತಾಗುವ ಅಂಚನ್ನು ಕೀಸುಳಿ ಹಾಕಿ ಸವರದಿದ್ದರೆ, ಅದರ ದಪ್ಪವೇ ಒಂದು ಮೆಟ್ಟಿಲಾಗಿ ಚಕ್ರಕ್ಕೆ ಬಡಿಯುತ್ತದೆ. ಬಣ್ಣ ಬಳಿದ ಹಲಗೆ ಒದ್ದೆಯಾದರೆ ಜಾರುತ್ತದೆ. ಬಣ್ಣಕ್ಕೆ ಒಂದಿಷ್ಟು ಸಣ್ಣ ಮರಳು ಬೆರೆಸಿದರೆ ಟೈರಿಗೆ ಹಿಡಿತ ಸಿಗುತ್ತದೆ.

ಇವುಗಳಲ್ಲಿ ಅರ್ಧ ಕೆಲಸ ಮಗುವೇ ಮಾಡಬಲ್ಲದು: ಟೇಪ್ ಹಿಡಿಯುವುದು, ಗುರುತು ಹಾಕುವುದು, ಅಂಚಿಗೆ ಉಪ್ಪುಕಾಗದ ತಿಕ್ಕುವುದು. ತಾನೇ ತಿಕ್ಕಿದ ಹಲಗೆಯಲ್ಲಿ ಸಿಬಿರೆದ್ದರೆ ಮೊದಲು ಕಾಣುವುದೂ ಅದಕ್ಕೇ. ಎತ್ತರ ಎಷ್ಟಿರಬೇಕೆಂದು ಮಗುವನ್ನೂ ಕೇಳಬೇಕು. ಭಯವಾಗುತ್ತದೆ ಎಂದರೆ ಇನ್ನೆರಡು ಇಂಚು ಇಳಿಸಬೇಕು, ಹುರಿದುಂಬಿಸಿ ಹತ್ತಿಸಬಾರದು.

ಇಡುವ ಜಾಗ ಸಮತಟ್ಟಾಗಿರಲಿ. ಹಾರಿ ಇಳಿಯುವ ಕಡೆ ಜಲ್ಲಿ, ಕಾಂಪೌಂಡ್ ಗೋಡೆ, ವಾಹನ ಓಡಾಡುವ ರಸ್ತೆ ಯಾವುದೂ ಇರಬಾರದು. ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿರಬೇಕು. ಮಳೆ ಬಂದಾಗ ರ‍್ಯಾಂಪನ್ನು ಒಳಗೆ ತಂದು ಗೋಡೆಗೆ ಒರಗಿಸಿಡಿ. ನೀರು ಕುಡಿದ ಪ್ಲೈವುಡ್ ಪದರ ಬಿಡುತ್ತದೆ.