ಬಾದಾಮಿಯ ಕಲ್ಮನೆ

(ಉಪಾಧ್ಯಾಯರ ಸಭೆಯೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಬಾದಾಮಿಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾನು ಇತಿಹಾಸಜ್ಞನಲ್ಲ, ಕಾಗದಪತ್ರಗಳನ್ನೋದಿ ಹೊಟ್ಟೆ ಹೊರೆಯುವ ವಕೀಲನು. ಆದುದರಿಂದ ಕಳೆದ ತಿಂಗಳು ಆ ಊರಿಗೆ ಹೋದಾಗಲೂ ನನ್ನ ಕಣ್ಣುಗಳು ಮೊದಲು ಹುಡುಕಿದುದು ದಾನಪತ್ರಗಳನ್ನೇ.

ಊರಿನ ಇರವನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಕೆಂಪು ಬಂಡೆಯ ಎರಡು ಗುಡ್ಡಗಳು, ನಡುವೆ ಅಗಸ್ತ್ಯತೀರ್ಥವೆಂಬ ಕೆರೆ, ಅದರ ಮೂಡಣ ದಂಡೆಗೆ ಭೂತನಾಥನ ಗುಡಿ, ಪಡುವಣಕ್ಕೆ ಊರು. ಒಂದನೆಯ ಪುಲಕೇಶಿಯು ಶಕ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಈ ಗಿರಿಯನ್ನು ದುರ್ಗವಾಗಿ ಮಾಡಿದನೆಂದು ಉತ್ತರದ ಗುಡ್ಡದ ಬಂಡೆಯೇ ಹೇಳುತ್ತದೆ. ಅವನ ಮೊಮ್ಮಗನ ಕಾಲಕ್ಕೆ, 642ರ ಸುಮಾರಿನಲ್ಲಿ, ಪಲ್ಲವ ನರಸಿಂಹವರ್ಮನು ಬಂದು ಊರನ್ನು ಗೆದ್ದನು. ಅವನ ಬರಹವೂ ಇಲ್ಲಿಯ ಬಂಡೆಯ ಮೇಲಿದೆ. ಕೋಟೆಯ ಮಾತನ್ನು ಇಷ್ಟಕ್ಕೇ ಬಿಡುತ್ತೇನೆ. ಫಿರಂಗಿಯ ಮೇಲೆ ಕುಳಿತು ಭಾವಚಿತ್ರ ತೆಗೆಯಿಸಿಕೊಳ್ಳುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಿರದು.

ನಾನು ಬಹಳ ಹೊತ್ತು ನಿಂತುದು ಮೂರನೆಯ ಗುಹೆಯಲ್ಲಿ. ಹೆಡೆಯ ಹಾವಿನ ಮೇಲೆ ಕುಳಿತ ವಿಷ್ಣು, ವರಾಹ, ತ್ರಿವಿಕ್ರಮ—ಇವರನ್ನು ಬಣ್ಣಿಸುವ ಶಕ್ತಿ ನನಗಿಲ್ಲ. ಮಂಗಳೇಶನು ಇದನ್ನು ಶಕ 500ರ, ಎಂದರೆ 578ರ, ಕಾರ್ತಿಕ ಹುಣ್ಣಿಮೆಯಂದು ಪ್ರತಿಷ್ಠೆ ಮಾಡಿ, ಪುಣ್ಯವನ್ನೆಲ್ಲ ಅಣ್ಣನಾದ ಕೀರ್ತಿವರ್ಮನಿಗೆ ಧಾರೆಯೆರೆದನು. ಅದೇ ಮಂಗಳೇಶನು ಮುಂದೆ ಅಣ್ಣನ ಮಗನಿಗೆ ರಾಜ್ಯವನ್ನು ಬಿಡಲೊಲ್ಲದೆ ಹೋರಾಡಿ ಸತ್ತನೆಂದು 634ರ ಐಹೊಳೆಯ ಶಾಸನದಿಂದ ತಿಳಿಯುತ್ತದೆ. ಇಂಥ ವ್ಯಾಜ್ಯಗಳು ನಮ್ಮ ಕೋರ್ಟಿಗೆ ದಿನಾಲೂ ಬರುತ್ತವೆ!

ಪುಣ್ಯದ ಈ ಬರಹವು ಸಂಸ್ಕೃತದಲ್ಲಿದೆ. ಆದರೆ ಅದೇ ಗುಹೆಯ ಬಳಿ, ಹೊರಗಣ ಬಂಡೆಯ ಮೇಲೆ, ಮಂಗಳೇಶನದೇ ಇನ್ನೊಂದು ಚಿಕ್ಕ ಶಾಸನವಿದೆ. ಅದು ಕನ್ನಡ. ಈ ‘ಕಲ್ಮನೆ’ಗೆ ಲಂಜಿಗೇಸರವೆಂಬ ಹಳ್ಳಿಯನ್ನು ಕೊಟ್ಟುದನ್ನೂ ದೇವರಿಗೆ ಹೂಮಾಲೆ ಕಟ್ಟುವವರಿಗೆ ಸಲ್ಲತಕ್ಕ ಪಾಲನ್ನೂ ಅದರಲ್ಲಿ ಬರೆದಿದೆ, ಇದನ್ನು ಅಳಿದವನು ಏಳನೆಯ ನರಕದಲ್ಲಿ ಹುಳುವಾಗುವನಂತೆ. ಮಹನೀಯರೇ, ಇದನ್ನು ಸ್ವಲ್ಪ ಯೋಚಿಸಿರಿ. ದೇವಲೋಕಕ್ಕೆ ಮುಟ್ಟಬೇಕಾದ ಮಾತನ್ನು ಅರಸನು ಸಂಸ್ಕೃತದಲ್ಲಿ ಬರೆಯಿಸಿದನು. ಹೂವಾಡಿಗನ ಹಕ್ಕನ್ನು ಹೂವಾಡಿಗನ ನುಡಿಯಲ್ಲಿ ಬರೆಯಿಸಿದನು. ನಾಳೆ ಯಾರಾದರೂ ಪಾಲನ್ನು ತಪ್ಪಿಸಿದರೆ, ಅವನು ಬಂಡೆಯ ಮುಂದೆ ನಿಂತು ಓದಿಸಿ ಕೇಳಬಹುದಾಗಿತ್ತು. ಇದು 1400 ವರ್ಷಗಳಿಗೂ ಹಿಂದಿನ ಸಂಗತಿ.

ಅಲ್ಲಿ ಶಾಲೆಯ ಮಕ್ಕಳ ತಂಡವೊಂದು ಬಂದಿತ್ತು. ಹಳೆಯ ಅಕ್ಷರಗಳು ಅವರಿಗೆ ತಿಳಿಯಲಿಲ್ಲ. ನನಗೂ ಪುಸ್ತಕವಿಲ್ಲದೆ ತಿಳಿಯವು. ಆದರೆ ‘ಕಲ್ಮನೆ’ ಎಂದು ನಾನು ಓದಿ ಹೇಳಿದ ಕೂಡಲೆ ಹುಡುಗನೊಬ್ಬನು, “ಕಲ್ಲಿನ ಮನಿ ಅಲ್ಲೇನ್ರೀ?” ಎಂದುಬಿಟ್ಟನು. ಅವನ ಗುರುಗಳು ಆಶ್ಚರ್ಯದಿಂದ ನನ್ನ ಮುಖ ನೋಡಿದರು.

ಆಗ ನನಗೆ ನನ್ನ ಕಕ್ಷಿಗಾರರಲ್ಲೊಬ್ಬ ಮುದುಕನ ನೆನಪಾಯಿತು. ಹೊಲದ ದಾವೆ ಗೆದ್ದ ದಿನ ಇಂಗ್ಲಿಷಿನಲ್ಲಿದ್ದ ತೀರ್ಪಿನ ನಕಲನ್ನು ಹಿಂದುಮುಂದು ತಿರುವಿ ಅವನು, “ಸಾಹೇಬ್ರ, ಇದರಾಗ ನನ್ನ ಹೊಲ ಎಲ್ಲಿ ಐತ್ರಿ?” ಎಂದು ಕೇಳಿದ್ದನು. 1956ರಲ್ಲಿ ನಾಡು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಮುದುಕನ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ತಪ್ಪು ಪರರದೆನ್ನಲಾರೆ. ಆ ದಾವೆಯಲ್ಲಿ ಇಂಗ್ಲಿಷಿನಲ್ಲಿ ವಾದ ಮಾಡಿದವನು ನಾನೇ.

ತಮ್ಮಲ್ಲಿ ಒಂದು ಬಿನ್ನಹ. ಈ ವರ್ಷ ಮಕ್ಕಳನ್ನು ಬಾದಾಮಿಗೆ ಕರೆದೊಯ್ಯುವಾಗ ಆ ಚಿಕ್ಕ ಶಾಸನವನ್ನು ಇಂದಿನ ಅಕ್ಷರಗಳಲ್ಲಿ ಬರೆದುಕೊಂಡು ಹೋಗಿರಿ. ಬಂಡೆಯ ಮುಂದೆ ನಿಲ್ಲಿಸಿ ಅವರಿಂದಲೇ ಓದಿಸಿರಿ. ಪ್ರತಿ ಬೇಕಾದವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು. ಕೆಲವು ಪ್ರತಿಗಳನ್ನು ಬರೆದು ತಂದಿದ್ದೇನೆ.